ತೀರ್ಪುಗಾರರ ತೀರ್ಮಾನವೇ ಅಂತಿಮವೇ?



ಕಳೆದ ಸಂಚಿಕೆ ನಿಮ್ಮ ಕೈ ಸೇರಿದ ಕೆಲವೇ ದಿನಗಳಲ್ಲಿ ಸ್ವಸಹಾಯ ಸಂಘವೊಂದರ ಹದಿನಾಲ್ಕು ಸದಸ್ಯೆಯರು ಒಟ್ಟಾಗಿ ಸಹಿ ಮಾಡಿದ ಪತ್ರವೊಂದು ನಮ್ಮ ಕಚೇರಿಗೆ ಬಂತು. ಅದರಲ್ಲಿ ಮೂರು ಹೆಬ್ಬೆಟ್ಟಿನ ಗುರುತುಗಳೂ ಇದ್ದವು. ಪತ್ರದ ಸಾರಾಂಶ ಇಷ್ಟು: "ದೊಡ್ಡ ಪತ್ರಿಕೆಗಳು ದೀಪಾವಳಿಗೆ ಕಥೆ, ಕವನಗಳ ಸ್ಪರ್ಧೆ ನಡೆಸುತ್ತವೆ, ಗೆದ್ದವರ ಫೋಟೋ ಹಾಕುತ್ತವೆ. ನಮ್ಮ ಪತ್ರಿಕೆ ಯಾಕೆ ನಡೆಸಬಾರದು? ಬಹುಮಾನದ ಹಣ ಕಡಿಮೆಯಾದರೂ ಚಿಂತೆಯಿಲ್ಲ. ಆದರೆ ನಾವು ಬರೆದದ್ದನ್ನು ಓದಿ ತೂಗುವವರು ಯಾರು ಎಂಬುದನ್ನು ಮೊದಲೇ ತಿಳಿಸಿ."

ಈ ಕೊನೆಯ ಮಾತು ನನ್ನನ್ನು ಬಹಳ ದಿನ ಕಾಡಿತು. ವರದಕ್ಷಿಣೆ ಮತ್ತು ಮನೆಯೊಳಗಿನ ಹಿಂಸೆಯ ವಿರುದ್ಧ ದನಿಯೆತ್ತಲೆಂದೇ ಹುಟ್ಟಿದ ಪತ್ರಿಕೆ ನಮ್ಮದು. ಕಥೆ, ಕವನಗಳ ಬಹುಮಾನ ನಮಗೇಕೆ, ಅದು ಬೆಂಗಳೂರು, ಮೈಸೂರು, ಧಾರವಾಡಗಳ ಸಾಹಿತಿಗಳ ವ್ಯವಹಾರವಲ್ಲವೇ ಎಂದು ನಮ್ಮ ಬಳಗದಲ್ಲೇ ಕೆಲವರು ಕೇಳಿದರು. ಹಾಗೆ ಕೇಳಿದವರಿಗೆ ಉತ್ತರ ಕೊಡಬೇಕಾದರೆ ನಾನು ನನ್ನದೇ ಒಂದು ತಪ್ಪನ್ನು ಮೊದಲು ಒಪ್ಪಿಕೊಳ್ಳಬೇಕಾಗುತ್ತದೆ.

1994ರ ಸುಮಾರಿನ ಮಾತು. ನಾನಾಗ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕಿ. ಪತ್ರಿಕೆಯೊಂದು ತನ್ನ ವಿಶೇಷಾಂಕದ ಕಥಾಸ್ಪರ್ಧೆಗೆ ನನ್ನನ್ನು ಮೂವರು ತೀರ್ಪುಗಾರರಲ್ಲಿ ಒಬ್ಬಳಾಗಿ ಕರೆಯಿತು. ಉಳಿದಿಬ್ಬರು ಹೆಸರಾಂತ ಹಿರಿಯರು, ಗಂಡಸರು. ಪತ್ರಿಕೆಯವರು ನೂರಾರು ಕಥೆಗಳನ್ನು ಜರಡಿ ಹಿಡಿದು ಮೂವತ್ತನ್ನು ನಮಗೆ ಕಳಿಸಿದ್ದರು. ಯಾವುದರ ಮೇಲೂ ಹೆಸರಿರಲಿಲ್ಲ, ಒಂದೊಂದು ಅಂಕಿ ಮಾತ್ರ. ಅವುಗಳಲ್ಲೊಂದು ಮಕ್ಕಳ ಗೆರೆ ಪುಸ್ತಕದಿಂದ ಹರಿದ ಹಾಳೆಗಳ ಮೇಲೆ ನೀಲಿ ಶಾಯಿಯಲ್ಲಿ ಬರೆದದ್ದು. ಕಥೆಯಲ್ಲಿ ಒಬ್ಬ ಸೊಸೆ. ಅತ್ತೆ ಆ ದಿನ ಬೆಳಿಗ್ಗೆಯೇ ಹಿರಿಯ ಮಗುವನ್ನು ಉಪ್ಪು ತರಲು ಅಂಗಡಿಗೆ ಕಳಿಸುತ್ತಾಳೆ. ಮನೆಯಲ್ಲಿ ಉಪ್ಪು ಇದೆ ಎಂದು ಸೊಸೆಗೆ ಗೊತ್ತು. ಪಡಿತರ ಚೀಟಿಯ ಮೇಲೆ ಆ ತಿಂಗಳು ಎಷ್ಟು ಲೀಟರ್ ಸೀಮೆ ಎಣ್ಣೆ ತಂದಿದ್ದರು, ಅಡುಗೆಗೆ ಎಷ್ಟು ಖರ್ಚಾಗಿತ್ತು, ಡಬ್ಬಿಯಲ್ಲಿ ಎಷ್ಟು ಉಳಿದಿರಬೇಕಿತ್ತು ಎಂಬ ಲೆಕ್ಕ ಕಥೆಯಲ್ಲಿತ್ತು. ಕೊನೆಯಲ್ಲಿ ಬೆಂಕಿಯಿಲ್ಲ, ಚೀರಾಟವಿಲ್ಲ. ಮಗು ಉಪ್ಪಿನ ಪೊಟ್ಟಣ ಹಿಡಿದು ಹಿಂದಿರುಗುವಾಗ ಬೀದಿಯಲ್ಲಿ ಜನ ಸೇರಿರುತ್ತಾರೆ. ಅಲ್ಲಿಗೆ ಕಥೆ ನಿಲ್ಲುತ್ತದೆ.

ನಾವು ಮೂವರೂ ಸೇರಿದಾಗ ಹಿರಿಯರೊಬ್ಬರು, "ಇದು ವರದಿಯ ಹಾಗಿದೆ, ಕಲೆಯಾಗಿಲ್ಲ" ಎಂದರು. ಇನ್ನೊಬ್ಬರು, "ಎಣ್ಣೆಯ ಲೆಕ್ಕ ಇಷ್ಟೊಂದು ಬೇಕಿತ್ತೇ?" ಎಂದು ನಕ್ಕರು. ನಾನೇನು ಮಾಡಿದೆ ಗೊತ್ತೇ? ಅಕಾರ ಹಕಾರಗಳ ತಪ್ಪು, ಒತ್ತಕ್ಷರದ ತಪ್ಪುಗಳಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೆ, ಪರೀಕ್ಷೆಯ ಉತ್ತರ ಪತ್ರಿಕೆಗೆ ಎಳೆಯುವ ಹಾಗೆ. "ಹೌದು, ಇನ್ನಷ್ಟು ಪಳಗಬೇಕು" ಎಂದೆ. ಕಥೆ ಪಟ್ಟಿಯಿಂದ ಬಿದ್ದುಹೋಯಿತು. ಆ ವರ್ಷ ನಾವು ಮೊದಲ ಬಹುಮಾನ ಕೊಟ್ಟ ಕಥೆಯೂ ಸೊಸೆಯೊಬ್ಬಳ ಸಾವಿನದೇ. ಬೆಂಕಿಯನ್ನು ಹೂವಿಗೆ, ಸಂಜೆಗೆ, ಮದುಮಗಳ ಸೀರೆಗೆ ಹೋಲಿಸಿದ ಬಹಳ ಸೊಗಸಾದ ಗದ್ಯ. ಬರೆದವರು ಗಂಡಸು ಎಂದು ಆಮೇಲೆ ತಿಳಿಯಿತು. ಗಂಡಸು ಬರೆದದ್ದು ತಪ್ಪಲ್ಲ. ಸುಡುವುದನ್ನು ಚೆಂದವಾಗಿ ವರ್ಣಿಸಿದವರಿಗೆ ಬಹುಮಾನ ಕೊಟ್ಟು, ಎಣ್ಣೆಯ ಲೆಕ್ಕ ಒಪ್ಪಿಸಿದವಳನ್ನು ಹೊರಗಿಟ್ಟೆವಲ್ಲ, ಅದು ತಪ್ಪು.

ಆ ಗೆರೆ ಹಾಳೆಗಳ ಕಥೆಯನ್ನು ಬರೆದವಳು ಯಾರೆಂದು ನನಗೆ ಇಂದಿಗೂ ತಿಳಿಯದು. ಹೆಣ್ಣೆಂದೇ ನನ್ನ ನಂಬಿಕೆ. ಹಸ್ತಪ್ರತಿಗಳನ್ನು ಹಿಂದಿರುಗಿಸಲಾಗುವುದಿಲ್ಲ, ಪತ್ರ ವ್ಯವಹಾರಕ್ಕೆ ಅವಕಾಶವಿಲ್ಲ, ತೀರ್ಪುಗಾರರ ತೀರ್ಮಾನವೇ ಅಂತಿಮ ಎಂಬುದು ಸ್ಪರ್ಧೆಯ ನಿಯಮವಾಗಿತ್ತು. ಅದು ಅವಳ ಅಕ್ಕನ ಕಥೆಯೋ, ತಂಗಿಯ ಕಥೆಯೋ, ಕೇವಲ ಕಲ್ಪನೆಯೋ ಕೇಳಲು ದಾರಿಯಿರಲಿಲ್ಲ. ಆ ಹಾಳೆಗಳು ರದ್ದಿಗೆ ಹೋಗಿರಬೇಕು.

ಆ ಲೆಕ್ಕದ ಬೆಲೆ ನನಗೆ ತಿಳಿದದ್ದು ತಡವಾಗಿ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆಯವರು ನಗರದಲ್ಲಿ ಸುಟ್ಟ ಗಾಯಗಳಿಂದ ಸತ್ತ ವಿವಾಹಿತ ಹೆಣ್ಣುಮಕ್ಕಳ ಪೊಲೀಸ್ ಕಡತಗಳನ್ನು ಕೂತು ಓದಿದರು, ಮನೆಗಳಿಗೆ ಹೋಗಿ ವಿಚಾರಿಸಿದರು. ಎಷ್ಟೋ ಕಡತಗಳು "ಸ್ಟೌ ಸಿಡಿದು ಆಕಸ್ಮಿಕ" ಎಂದೋ, "ಹೊಟ್ಟೆನೋವು ತಾಳಲಾರದೆ ಆತ್ಮಹತ್ಯೆ" ಎಂದೋ ಮುಚ್ಚಿಹೋಗಿದ್ದವು. ಯೋಚಿಸಿ ನೋಡಿ, ಅವೂ ಒಂದು ಬಗೆಯ ಕಥೆಗಳೇ ಅಲ್ಲವೇ? ಸತ್ತವಳ ಬಗ್ಗೆ ಬೇರೆಯವರು ಹೇಳಿದ ಕಥೆ, ಬೇರೆಯವರು ಬರೆದ ಕಥೆ, ಬೇರೆಯವರು ಒಪ್ಪಿಕೊಂಡ ಕಥೆ. ಆ ಕಥೆ ಸುಳ್ಳು ಎಂದು ತೋರಿಸಬೇಕಾದರೆ ಬೇಕಾಗುವುದು ನಾವು ನಕ್ಕ ಅದೇ ಎಣ್ಣೆಯ ಲೆಕ್ಕ, ಅದೇ ಉಪ್ಪಿನ ಪೊಟ್ಟಣ. ಮನೆಯೊಳಗಿನ ಈ ವಿವರ ಗೊತ್ತಿರುವುದು ಮನೆಯೊಳಗಿನ ಹೆಣ್ಣಿಗೆ ಮಾತ್ರ. ಅವಳು ಬರೆಯಬೇಕು. ಬರೆದದ್ದನ್ನು ಓದಬಲ್ಲವರು ಓದಬೇಕು. ಕಥೆ, ಕವನದ ಬಹುಮಾನದ ವಿಷಯ ನಮ್ಮ ಪತ್ರಿಕೆಗೆ ಸಲ್ಲುವುದು ಈ ಕಾರಣಕ್ಕೆ.

ಹಾಗೆಂದು ಪತ್ರಿಕೆಗಳ ಸ್ಪರ್ಧೆಗಳನ್ನು ನಾನು ಹಳಿಯುತ್ತಿಲ್ಲ. ಪ್ರಜಾವಾಣಿಯ ದೀಪಾವಳಿ ಕಥೆ, ಕವನ ಸ್ಪರ್ಧೆಯಂಥವು ದಶಕಗಳಿಂದ ನಡೆಯುತ್ತ ಬಂದಿವೆ. ಕನ್ನಡದ ಎಷ್ಟೋ ಬರಹಗಾರರಿಗೆ ಮೊದಲ ಗುರುತು ಸಿಕ್ಕಿದ್ದು ಇಂಥ ಸ್ಪರ್ಧೆಗಳಿಂದಲೇ. ಯಾರ ಶಿಫಾರಸೂ ಇಲ್ಲದ, ಯಾವ ಸಾಹಿತಿಯ ಪರಿಚಯವೂ ಇಲ್ಲದ ಹಳ್ಳಿಯ ಶಾಲಾ ಶಿಕ್ಷಕಿ ಐದು ರೂಪಾಯಿ ಅಂಚೆ ಚೀಟಿ ಹಚ್ಚಿ ಕಥೆ ಕಳಿಸಬಹುದು. ಹೆಸರು ಮುಚ್ಚಿ ಓದುವುದರಿಂದ ಜಾತಿ ಗೊತ್ತಾಗದು, ಊರು ಗೊತ್ತಾಗದು, ಗಂಡೋ ಹೆಣ್ಣೋ ಗೊತ್ತಾಗದು. ಇದು ಸಣ್ಣ ಮಾತಲ್ಲ. ಮದುವೆಯ ಮಾತುಕತೆಯಲ್ಲಿ ನಮ್ಮ ಹೆಣ್ಣುಮಕ್ಕಳನ್ನು ಬಣ್ಣ, ಕುಲ, ಚಿನ್ನ ನೋಡಿ ತೂಗುವ ಸಮಾಜದಲ್ಲಿ, ಬರಿಯ ಮಾತನ್ನು ನೋಡಿ ತೂಗುವ ಒಂದು ತಕ್ಕಡಿ ಇದೆಯೆಂಬುದೇ ಸಮಾಧಾನ. ಆದರೆ ತಕ್ಕಡಿ ಹಿಡಿದ ಕೈ ಯಾವುದು, ತೂಕದ ಕಲ್ಲು ಯಾರು ಮಾಡಿದ್ದು ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ದೊಡ್ಡ ಪ್ರಶಸ್ತಿಗಳ ಕಡೆಗೆ ಒಮ್ಮೆ ನೋಡಿ. ಕೇಂದ್ರ ಸಾಹಿತ್ಯ ಅಕಾಡೆಮಿ ಕನ್ನಡಕ್ಕೆ ಪ್ರಶಸ್ತಿ ಕೊಡಲು ಆರಂಭಿಸಿದ್ದು 1955ರಲ್ಲಿ. ಅದು ಕನ್ನಡದ ಒಬ್ಬ ಲೇಖಕಿಗೆ ಮೊದಲ ಬಾರಿಗೆ ಸಂದದ್ದು 2004ರಲ್ಲಿ, ಗೀತಾ ನಾಗಭೂಷಣ ಅವರ "ಬದುಕು" ಕಾದಂಬರಿಗೆ. ನಡುವೆ ನಲವತ್ತೊಂಬತ್ತು ವರ್ಷ. ಅಷ್ಟು ಕಾಲ ಕನ್ನಡದಲ್ಲಿ ಹೆಂಗಸರು ಬರೆಯಲೇ ಇಲ್ಲವೇ? ತ್ರಿವೇಣಿ ಬರೆಯಲಿಲ್ಲವೇ, ಅನುಪಮಾ ನಿರಂಜನ ಬರೆಯಲಿಲ್ಲವೇ? ಆಮೇಲೆ 2009ರಲ್ಲಿ ವೈದೇಹಿಯವರ "ಕ್ರೌಂಚ ಪಕ್ಷಿಗಳು" ಕಥಾಸಂಕಲನಕ್ಕೆ, 2019ರಲ್ಲಿ ವಿಜಯಾ ಅವರ "ಕುದಿ ಎಸರು" ಆತ್ಮಕಥೆಗೆ ಅದೇ ಪ್ರಶಸ್ತಿ ಬಂತು. ಕುದಿ ಎಸರು ಓದದಿದ್ದವರು ಸಂಘದ ಗ್ರಂಥಾಲಯಕ್ಕೆ ತರಿಸಿಕೊಂಡು ಓದಿ. ದಾಂಪತ್ಯದೊಳಗಿನ ಕ್ರೌರ್ಯವನ್ನು ಅನುಭವಿಸಿದವಳೇ ಮುಚ್ಚುಮರೆಯಿಲ್ಲದೆ ಹೇಳಿದ ಪುಸ್ತಕ ಅದು. ಹೆಣ್ಣಿನ ಅಡುಗೆಮನೆಯ, ಮಲಗುವ ಕೋಣೆಯ ಸತ್ಯಕ್ಕೆ ದೇಶದ ದೊಡ್ಡ ಸಾಹಿತ್ಯ ಸಂಸ್ಥೆಯ ಮನ್ನಣೆ ಸಿಗಲು 2019ರ ತನಕ ಕಾಯಬೇಕಾಯಿತು. ಇನ್ನು ಜ್ಞಾನಪೀಠ. 1967ರ ಕುವೆಂಪು ಅವರಿಂದ 2010ರ ಕಂಬಾರರವರೆಗೆ ಎಂಟು ಜನ ಕನ್ನಡಿಗರಿಗೆ ಸಂದಿದೆ ಎಂದು ನಾವೆಲ್ಲ ಹೆಮ್ಮೆಪಡುತ್ತೇವೆ. ಎಂಟೂ ಜನ ಗಂಡಸರು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಪ್ರಶಸ್ತಿಯ ಮಾತು ಹಾಗಿರಲಿ, ತನ್ನ ಹೆಸರಿನಲ್ಲಿ ಬರೆಯುವುದೇ ಹೆಣ್ಣಿಗೆ ಸುಲಭವಾಗಿರಲಿಲ್ಲ. 1939ರಲ್ಲಿ ತಮ್ಮ ಇಪ್ಪತ್ತೇಳನೆಯ ವಯಸ್ಸಿನಲ್ಲಿ ನೀರುಪಾಲಾದ ಕೊಡಗಿನ ಗೌರಮ್ಮ, ಕನ್ನಡದ ಮೊದಲ ಸಾಲಿನ ಕಥೆಗಾರ್ತಿ, ತಮ್ಮ ಕಥೆಗಳ ಕೆಳಗೆ ಬರೆದುಕೊಳ್ಳುತ್ತಿದ್ದುದು "ಮಿಸೆಸ್ ಬಿ.ಟಿ.ಜಿ. ಕೃಷ್ಣ" ಎಂದು, ಗಂಡನ ಹೆಸರಿನಲ್ಲಿ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಮನೆಗೆ ಕರೆದು, ಉಪವಾಸದ ಹಟ ಹಿಡಿದು, ತಮ್ಮ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟ ಗಟ್ಟಿ ಹೆಣ್ಣುಮಗಳು ಆಕೆ. ಒಡವೆ ಬಿಚ್ಚಿಕೊಡುವ ಸ್ವಾತಂತ್ರ್ಯವನ್ನು ಹಟ ಮಾಡಿ ಪಡೆದವಳಿಗೂ ಕಥೆಯ ಕೆಳಗೆ ಸ್ವಂತ ಹೆಸರಿರಲಿಲ್ಲ! ಇಂದು ಅವರ ಹೆಸರಿನಲ್ಲೇ ಕೊಡಗಿನಲ್ಲಿ ಲೇಖಕಿಯರಿಗೆ ದತ್ತಿ ಪ್ರಶಸ್ತಿ ಕೊಡುತ್ತಾರೆ. ವೈದೇಹಿ ಎಂಬ ಹೆಸರಿನ ಹಿಂದೆಯೂ ಒಂದು ಕಥೆಯಿದೆ. ಜಾನಕಿ ಎಂಬ ಹುಡುಗಿ ಪತ್ರಿಕೆಯೊಂದಕ್ಕೆ ಕಥೆ ಕಳಿಸಿ, ಅದರಲ್ಲಿ ನಿಜವಾಗಿ ನಡೆದದ್ದೇ ಇದೆಯಲ್ಲ ಎಂದು ಹೆದರಿ, ದಯವಿಟ್ಟು ಅಚ್ಚು ಹಾಕಬೇಡಿ ಎಂದು ಕೇಳಿಕೊಂಡರು. ಸಂಪಾದಕರು ಹೆಸರು ಬದಲಿಸಿ ವೈದೇಹಿ ಎಂದು ಅಚ್ಚು ಹಾಕಿದರು. ಹೆದರಿಕೆಯಿಂದ ಬಂದ ಹೆಸರು ಇಂದು ನಾಡಿನ ಹೆಸರಾಗಿದೆ. ನಿಮ್ಮಲ್ಲಿ ಯಾರಾದರೂ ಕಥೆ ಬರೆದು ದಿಂಬಿನ ಕೆಳಗೆ ಬಚ್ಚಿಟ್ಟಿದ್ದರೆ, ನೀವೊಬ್ಬರೇ ಹೆದರಿದವರಲ್ಲ ಎಂದು ಹೇಳಲು ಇದನ್ನೆಲ್ಲ ನೆನಪಿಸಿದೆ.

ಇಷ್ಟರ ನಡುವೆ 2025ರ ಮೇ 20ರಂದು ಲಂಡನ್ನಿನಿಂದ ಬಂದ ಸುದ್ದಿ ನಮ್ಮೆಲ್ಲರ ಎದೆ ತುಂಬಿಸಿತು. ಹಾಸನದ ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳ ಇಂಗ್ಲಿಷ್ ಅನುವಾದ "ಹಾರ್ಟ್ ಲ್ಯಾಂಪ್" ಪುಸ್ತಕಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡಕ್ಕೆ ಆ ಪ್ರಶಸ್ತಿ ಅದೇ ಮೊದಲು. ಸಣ್ಣಕಥೆಗಳ ಸಂಕಲನವೊಂದಕ್ಕೆ ಸಂದದ್ದೂ ಅದೇ ಮೊದಲು. ಬಾನು ಅವರು ವಕೀಲೆ, ಲಂಕೇಶ್ ಪತ್ರಿಕೆಗೆ ವರದಿ ಮಾಡುತ್ತಿದ್ದವರು, ಬಂಡಾಯ ಸಾಹಿತ್ಯ ಚಳವಳಿಯ ಜೊತೆ ನಡೆದವರು. ಮಸೀದಿಗೆ ಹೋಗುವ ಹಕ್ಕು ಹೆಂಗಸರಿಗೂ ಇದೆ ಎಂದದ್ದಕ್ಕೆ 2000ದಲ್ಲಿ ಸಾಮಾಜಿಕ ಬಹಿಷ್ಕಾರವನ್ನು ಎದುರಿಸಿದವರು. ತಲಾಖ್, ಮೇಲಿಂದ ಮೇಲೆ ಹೆರಿಗೆ, ತವರಿನವರೂ ಕೈಬಿಟ್ಟ ಹೆಣ್ಣು, ಇವೇ ಅವರ ಕಥೆಗಳ ಒಡಲು. ನ್ಯಾಯಾಲಯದ ಮೆಟ್ಟಿಲಲ್ಲಿ ಕಂಡ ಹೆಣ್ಣುಮಕ್ಕಳ ಬದುಕು ಅಲ್ಲಿದೆ. ನಾವು ಮೂವರು ತೀರ್ಪುಗಾರರು ಅಂದು ಕೂತಿದ್ದ ಮೇಜಿನ ಮುಂದೆ ಇಂಥ ಕಥೆಯೊಂದು ಹೆಸರಿಲ್ಲದೆ ಬಂದಿದ್ದರೆ ಏನಾಗುತ್ತಿತ್ತೋ ಎಂದು ಯೋಚಿಸಿ ನಾಚಿಕೊಂಡಿದ್ದೇನೆ.

ಆ ಪ್ರಶಸ್ತಿಯಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದದ್ದು ಅದರ ಒಂದು ನಿಯಮ. ಬಹುಮಾನದ 50,000 ಪೌಂಡುಗಳನ್ನು ಮೂಲ ಲೇಖಕಿಗೂ ಅನುವಾದಕಿಗೂ ಸಮಸಮನಾಗಿ ಹಂಚುತ್ತಾರೆ. ಅರ್ಧ ಬಾನು ಅವರಿಗೆ, ಅರ್ಧ ಮಡಿಕೇರಿಯ ದೀಪಾ ಭಾಸ್ತಿ ಅವರಿಗೆ. ಕೊಡಗಿನ ಗೌರಮ್ಮನ ಕಥೆಗಳನ್ನು 2023ರಲ್ಲಿ ಇಂಗ್ಲಿಷಿಗೆ ತಂದವರೂ ಇದೇ ದೀಪಾ. ತೆರೆಮರೆಯಲ್ಲಿ ಕೂತು ಮಾಡಿದ ದುಡಿಮೆಯೂ ದುಡಿಮೆಯೇ, ಅದಕ್ಕೂ ಅರ್ಧ ಪಾಲು ಎಂದು ಒಪ್ಪಿಕೊಂಡ ನಿಯಮ ಇದು. ಗಂಡ ಹೊಲದಲ್ಲಿ ಬೆಳೆದದ್ದು ಗಂಡನದು, ಹೆಂಡತಿ ಕಳೆ ಕಿತ್ತದ್ದು, ರೊಟ್ಟಿ ಹೊತ್ತದ್ದು, ದನ ಕಟ್ಟಿದ್ದು ಲೆಕ್ಕಕ್ಕಿಲ್ಲ ಎನ್ನುವ ಮನೆಗಳಲ್ಲಿ ಬಾಳುತ್ತಿರುವ ನಮಗೆ ಈ ಅರ್ಧ ಪಾಲಿನ ಅರ್ಥ ಬೇರೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಬಹುಮಾನ ಮನೆಗೆ ಬಂದಾಗ ಏನಾಗುತ್ತದೆ? ವೇದಿಕೆಯ ಮೇಲಿನ ಹಾರ ತುರಾಯಿ ಎಲ್ಲರಿಗೂ ಕಾಣುತ್ತದೆ, ಮನೆಯ ಬಾಗಿಲೊಳಗೆ ನಡೆಯುವುದು ಕಾಣುವುದಿಲ್ಲ. ನಮ್ಮ ಪತ್ರಿಕೆಯ ಓದುಗರಾದ ಒಬ್ಬ ಸಂಘದ ಸದಸ್ಯೆ ನನ್ನೊಡನೆ ಹೇಳಿಕೊಂಡದ್ದನ್ನು ಅವರ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ. ಅವರು ಕಾವ್ಯನಾಮದಲ್ಲಿ ಕಥೆ ಬರೆದು ಪತ್ರಿಕೆಯೊಂದಕ್ಕೆ ಕಳಿಸಿದರು. ಸಮಾಧಾನಕರ ಬಹುಮಾನ ಬಂತು. ಚೆಕ್ಕು ಕಾವ್ಯನಾಮಕ್ಕೇ ಬರೆದಿತ್ತು. ಬ್ಯಾಂಕಿನಲ್ಲಿ ಆ ಹೆಸರಿನ ಖಾತೆಯಿಲ್ಲ, ತೆಗೆದುಕೊಳ್ಳುವುದಿಲ್ಲ ಎಂದರು. ಸರಿಪಡಿಸಿಕೊಡಿ ಎಂದು ಪತ್ರಿಕೆಗೆ ಬರೆದರೆ ಅವರು ನಿಜ ಹೆಸರಿಗೆ ಹೊಸ ಚೆಕ್ಕನ್ನೂ ಜೊತೆಗೆ ವಿಶೇಷಾಂಕದ ಪ್ರತಿಯನ್ನೂ ಮನೆ ವಿಳಾಸಕ್ಕೆ ಕಳಿಸಿದರು. ಲಕೋಟೆ ಒಡೆದದ್ದು ಗಂಡ. ಕಥೆಯಲ್ಲಿ ತನ್ನ ತಾಯಿಯನ್ನು ಗುರುತಿಸಿದ. ಆ ರಾತ್ರಿಯ ಏಟುಗಳ ಗುರುತು ಹೋಗಲು ಮೂರು ವಾರ ಹಿಡಿಯಿತು. ಬಹುಮಾನದ ಹಣ ಅವನ ಬೈಕಿನ ಕಂತಿಗೆ ಹೋಯಿತು. ಆಮೇಲೆ ಆಕೆ ಬರೆಯುವುದನ್ನೇ ಬಿಟ್ಟರು. ಆ ಪತ್ರಿಕೆಯವರು ಕೆಟ್ಟವರಲ್ಲ. ಬಹುಮಾನಿತೆಯ ವಿಳಾಸ ಎಂದರೆ ಅವಳ ಸುರಕ್ಷಿತ ಜಾಗ ಎಂದು ಅವರು ತಿಳಿದುಕೊಂಡಿದ್ದರು, ಅಷ್ಟೇ. ಹಾಗಲ್ಲ ಎಂಬುದು ಗೊತ್ತಿರುವುದು ನಮಗೆ.

ಆದ್ದರಿಂದ ಗೆಳತಿಯರೇ, ಹದಿನಾಲ್ಕು ಸಹಿಗಳ ಆ ಪತ್ರಕ್ಕೆ ನಮ್ಮ ಬಳಗದ ಉತ್ತರ ಹೀಗಿದೆ. ನಮ್ಮ ಪತ್ರಿಕೆ ಕಥೆ ಮತ್ತು ಕವನಗಳ ಸ್ಪರ್ಧೆ ನಡೆಸುತ್ತದೆ. ಆದರೆ ದೊಡ್ಡವರ ನಿಯಮಗಳನ್ನು ಹಾಗೇ ಎತ್ತಿ ತರುವುದಿಲ್ಲ. ಒಳ್ಳೆಯದನ್ನು ಇಟ್ಟುಕೊಂಡು ಉಳಿದದ್ದನ್ನು ನಮಗೆ ಬೇಕಾದ ಹಾಗೆ ಬದಲಿಸಿದ್ದೇವೆ.

ಒಂದು, ಹೆಸರು ಮುಚ್ಚಿಯೇ ಓದುತ್ತೇವೆ. ಕಾವ್ಯನಾಮ ಇಟ್ಟುಕೊಳ್ಳಬಹುದು. ನಿಜ ಹೆಸರು ಬಳಗದ ಒಬ್ಬರಿಗೆ ಮಾತ್ರ ಗೊತ್ತಿರುತ್ತದೆ. ಪತ್ರ, ಪತ್ರಿಕೆ, ಹಣ ಯಾವ ವಿಳಾಸಕ್ಕೆ ಬರಬೇಕೆಂದು ನೀವೇ ಹೇಳಿ. ತವರುಮನೆಯೋ, ಅಂಗನವಾಡಿಯೋ, ಸಂಘದ ಪ್ರತಿನಿಧಿಯ ಮನೆಯೋ ಆಗಬಹುದು. ಫೋನು ಮನೆಯಲ್ಲಿ ಯಾರ ಕೈಯಲ್ಲಿರುತ್ತದೆ ಎಂದು ಕೇಳದೆ ನಾವು ಫೋನು ಮಾಡುವುದಿಲ್ಲ. ಫೋಟೋ ಕೇಳುವುದಿಲ್ಲ.

ಎರಡು, ಬಹುಮಾನದ ಹಣ ಬರೆದವಳ ಸ್ವಂತ ಖಾತೆಗೆ ಮಾತ್ರ. ಸ್ವಂತ ಖಾತೆ ಇಲ್ಲದಿದ್ದರೆ ಸಂಘದ ಸಭೆಯಲ್ಲಿ, ನಡಾವಳಿ ಪುಸ್ತಕದಲ್ಲಿ ಬರೆದು, ಅವಳ ಕೈಗೇ ಕೊಡತಕ್ಕದ್ದು. ಮೊದಲು, ಎರಡು, ಮೂರು ಎಂಬ ಮೆಟ್ಟಿಲುಗಳಿಲ್ಲ. ಆರಿಸಿದ ಎಲ್ಲ ಬರಹಗಳಿಗೂ ಒಂದೇ ಮೊತ್ತ.

ಮೂರು, ಬರೆಯಲು ಬಾರದವರು ಹೇಳಬಹುದು, ಬರೆಯಬಲ್ಲವರು ಬರೆದುಕೊಳ್ಳಬಹುದು. ಇಬ್ಬರ ಹೆಸರೂ ಅಚ್ಚಾಗುತ್ತದೆ, ಹಣ ಅರ್ಧರ್ಧ. ಆ ಮೂರು ಹೆಬ್ಬೆಟ್ಟುಗಳನ್ನು ನಾವು ಮರೆತಿಲ್ಲ. ಬೀಸುವಾಗ, ಕುಟ್ಟುವಾಗ ಹಾಡು ಕಟ್ಟಿದವರು ಯಾವ ಕಾಗುಣಿತ ಕಲಿತಿದ್ದರು? ಕಾಗುಣಿತದ ತಪ್ಪಿಗೆ ಒಂದು ಅಂಕವನ್ನೂ ಕಳೆಯುವುದಿಲ್ಲ. ಕೆಂಪು ಶಾಯಿಯ ಪೆನ್ನನ್ನು ನಾನು ಮನೆಯಲ್ಲೇ ಬಿಟ್ಟು ಬರುತ್ತೇನೆ.

ನಾಲ್ಕು, ನೀವು ಕೇಳಿದ ಮುಖ್ಯ ಪ್ರಶ್ನೆ, ಓದಿ ತೂಗುವವರು ಯಾರು? ಸಾಹಿತ್ಯ ಓದಿದವರೊಬ್ಬರು, ಹಿಂಸೆಗೆ ಒಳಗಾದ ಹೆಣ್ಣುಮಕ್ಕಳ ಜೊತೆ ಠಾಣೆಗೆ, ಕೋರ್ಟಿಗೆ ಅಲೆದು ಗೊತ್ತಿರುವವರೊಬ್ಬರು, ಸಂಘಗಳಿಂದ ನೀವೇ ಆರಿಸಿದ ಮೂವರು. ಸಂಘದವರೇ ಹೆಚ್ಚು ಸಂಖ್ಯೆಯಲ್ಲಿ ಇರುತ್ತಾರೆ ಎಂಬುದನ್ನು ಗಮನಿಸಿ. "ನಮಗೇನು ಗೊತ್ತು ಸಾಹಿತ್ಯ" ಎನ್ನಬೇಡಿ. ಈ ತಿಂಗಳ ಸಾಲ ಯಾರಿಗೆ ಮೊದಲು ಎಂದು ಇಪ್ಪತ್ತು ಜನ ವೃತ್ತವಾಗಿ ಕೂತು ಪ್ರತಿ ಬಾರಿ ತೀರ್ಮಾನಿಸುವವರು ನೀವು. ಮಗಳ ಫೀಜೋ, ಎಮ್ಮೆಯ ಔಷಧಿಯೋ, ಯಾರ ಮಾತು ನಿಜ, ಯಾರು ಸಂಕೋಚದಿಂದ ಅರ್ಧ ಮಾತ್ರ ಹೇಳುತ್ತಿದ್ದಾರೆ ಎಂದು ಮುಖ ನೋಡಿ ತಿಳಿಯಬಲ್ಲವರು. ಒಳ್ಳೆಯ ಕಥೆಯನ್ನು ಓದಲು ಬೇಕಾದದ್ದು ಆ ಕಿವಿಯೇ. ಬರಹಗಳನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ, ಯಾವುದು ಕೇಳುವವರ ಕೈಕೆಲಸ ನಿಲ್ಲಿಸಿತು ಎಂದು ನೋಡಿ ನಮಗೆ ತಿಳಿಸಿ.

ಐದು, ಇದು ನನ್ನ ಸ್ವಂತ ಹಟ. ಆಯ್ಕೆಯಾಗದ ಪ್ರತಿಯೊಂದು ಬರಹಕ್ಕೂ ಒಂದು ಉತ್ತರ ಹೋಗುತ್ತದೆ. ಯಾಕೆ ಬಿಟ್ಟೆವು, ಯಾವ ಸಾಲು ಮನಸ್ಸಿನಲ್ಲಿ ಉಳಿಯಿತು ಎಂದು ಕೈಯಲ್ಲೇ ಬರೆದು, ಹಸ್ತಪ್ರತಿಯ ಜೊತೆ ನೀವು ಹೇಳಿದ ವಿಳಾಸಕ್ಕೆ ಹಿಂದಿರುಗಿಸುತ್ತೇವೆ. ನಮ್ಮ ತೀರ್ಮಾನ ತಪ್ಪೆನಿಸಿದರೆ ನೀವು ಹಾಗೆಂದು ಬರೆಯಬಹುದು. ಆ ಪತ್ರವನ್ನೂ ಅಚ್ಚು ಹಾಕುತ್ತೇವೆ. ನಮ್ಮ ಸ್ಪರ್ಧೆಯಲ್ಲಿ ತೀರ್ಪುಗಾರರ ತೀರ್ಮಾನ ಅಂತಿಮವಲ್ಲ.

ಇನ್ನು ಎರಡು ಎಚ್ಚರಿಕೆಯ ಮಾತು. ನೆರೆಮನೆಯವಳ ನೋವನ್ನು ಬರೆಯುವ ಮುನ್ನ ಅವಳನ್ನು ಕೇಳಿ. ಬದುಕಿರುವವಳ ಕಥೆ ಅವಳದೇ ಆಸ್ತಿ. ಸತ್ತವಳಾದರೆ ಅವಳ ತಾಯಿಯನ್ನು ಕೇಳಿ. ಊರು, ಹೆಸರು, ಮನೆತನ ಗುರುತಾಗದ ಹಾಗೆ ಬದಲಿಸಿ. ಪ್ರಕರಣ ಇನ್ನೂ ನ್ಯಾಯಾಲಯದಲ್ಲಿದ್ದರೆ ಮೊದಲು ಅವರ ವಕೀಲರಿಗೆ ತೋರಿಸಿ. ನಮ್ಮ ಬಹುಮಾನಕ್ಕಾಗಿ ಒಬ್ಬಳ ನ್ಯಾಯ ಕೆಡಬಾರದು.

ಎರಡನೆಯದು ಇನ್ನೂ ಮುಖ್ಯ. ಕಥೆ ಬೇರೆ, ದೂರು ಬೇರೆ. ಬಹುಮಾನ ನ್ಯಾಯವಲ್ಲ. ಇವತ್ತು ಮನೆಯಲ್ಲಿ ಏಟು ತಿನ್ನುತ್ತಿರುವವಳು ಸ್ಪರ್ಧೆಯ ಕೊನೆಯ ದಿನಾಂಕಕ್ಕೆ ಕಾಯಬೇಕಾಗಿಲ್ಲ. ಮಹಿಳಾ ಸಹಾಯವಾಣಿ 181 ಇದೆ, ತುರ್ತಿಗೆ 112 ಇದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯಡಿ ರಕ್ಷಣಾಧಿಕಾರಿಗೆ ದೂರು ಕೊಟ್ಟು ಮ್ಯಾಜಿಸ್ಟ್ರೇಟರಿಂದ ರಕ್ಷಣೆಯ ಆದೇಶ, ಮನೆಯಲ್ಲಿ ಇರುವ ಹಕ್ಕಿನ ಆದೇಶ ಪಡೆಯಬಹುದು. ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ವರಮಾನದ ಮಿತಿಯಿಲ್ಲದೆ ಉಚಿತ ವಕೀಲರ ನೆರವಿದೆ. ನಾವು 498ಎ ಎಂದು ಬಾಯಿಪಾಠ ಮಾಡಿದ್ದ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೆಯ ಕಲಮಾಗಿದೆ. ವರದಕ್ಷಿಣೆ ಸಾವಿನ 304ಬಿ ಈಗ 80ನೆಯ ಕಲಮು. ಮದುವೆಯಾಗಿ ಏಳು ವರ್ಷದೊಳಗಿನ ಅಸಹಜ ಸಾವು, ಅದಕ್ಕೆ ಮುನ್ನ ವರದಕ್ಷಿಣೆಯ ಕಾಟ ಎಂಬ ಅಂಶಗಳು ಹಾಗೇ ಇವೆ. ಸಂಘದ ಗೋಡೆಗೆ ಈ ಅಂಕಿಗಳನ್ನು ಬರೆದು ಅಂಟಿಸಿ. ದಿನಾಂಕ ಹಾಕಿ ನೀವು ಬರೆದಿಡುವ ನಾಲ್ಕು ಸಾಲಿನ ದಿನಚರಿ ಕಥೆಯಾಗದೇ ಹೋದರೂ ಮುಂದೊಂದು ದಿನ ಸಾಕ್ಷಿಯಾಗಿ ನೆರವಿಗೆ ಬರಬಹುದು. ಬರೆಯುವ ಅಭ್ಯಾಸ ಎರಡು ಕಡೆಯೂ ಕೈ ಹಿಡಿಯುತ್ತದೆ.

ಸಾವಿರ ವರ್ಷಗಳ ಹಿಂದೆ ಅತ್ತಿಮಬ್ಬೆ ಎಂಬ ಹೆಣ್ಣುಮಗಳು ಪೊನ್ನ ಕವಿಯ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ, ತಾಳೆಗರಿಯ ಮೇಲೆ, ಕೈಯಿಂದ ಬರೆಸಿ. ಆಕೆಯ ಹೆಸರಿನಲ್ಲಿ ಕರ್ನಾಟಕ ಸರ್ಕಾರ ಲೇಖಕಿಯರಿಗೆ ಪ್ರಶಸ್ತಿ ಕೊಡುತ್ತ ಬಂದಿದೆ. ಆಕೆಯನ್ನು ಈಗ ನೆನೆಯಲು ಕಾರಣ, ಬರೆದವರಿಗೆ ಹಾರ ಹಾಕಿ ಸುಮ್ಮನಾಗದೆ ಬರೆದದ್ದು ಉಳಿಯುವ ಹಾಗೆ ಅವಳು ನೋಡಿಕೊಂಡಳು. ಆಯ್ದ ಬರಹಗಳನ್ನು ನಾವೂ ಒಂದು ಸಣ್ಣ ಪುಸ್ತಕ ಮಾಡಿ ಚಂದಾದಾರರಾದ ಪ್ರತಿ ಸಂಘಕ್ಕೂ ಒಂದೊಂದು ಪ್ರತಿ ಕಳಿಸುತ್ತೇವೆ. ಸ್ಪರ್ಧೆಯ ಪ್ರಕಟಣೆ, ಬರಹ ಕಳಿಸುವ ವಿಳಾಸ ಮುಂದಿನ ಸಂಚಿಕೆಯ ಮೊದಲ ಪುಟದಲ್ಲಿರುತ್ತದೆ. ಅಷ್ಟರಲ್ಲಿ ಪ್ರತಿ ಸಂಘವೂ ಒಂದು ಸಭೆಯಲ್ಲಿ ಈ ಲೇಖನವನ್ನು ಓದಿಸಿ, ನಿಯಮಗಳಲ್ಲಿ ಏನು ಬದಲಾಗಬೇಕೆಂದು ಬರೆದು ಕಳಿಸಬೇಕಾಗಿ ಕೋರಿಕೆ.

ಕೊನೆಯದಾಗಿ, ಗೆರೆ ಹಾಳೆಯ ಮೇಲೆ ನೀಲಿ ಶಾಯಿಯಲ್ಲಿ ಬರೆದ ಆ ತಂಗಿಗೆ. ನೀನು ಎಲ್ಲಿದ್ದೀಯೋ, ಈ ಪತ್ರಿಕೆ ನಿನ್ನ ಕೈಗೆ ಬರುತ್ತದೋ ಇಲ್ಲವೋ ನನಗೆ ತಿಳಿಯದು. ಆ ಮಗು ಉಪ್ಪಿನ ಪೊಟ್ಟಣ ಹಿಡಿದು ಬೀದಿಯಲ್ಲಿ ನಿಂತದ್ದು ಮೂವತ್ತು ವರ್ಷಗಳಾದರೂ ನನ್ನ ಕಣ್ಣ ಮುಂದಿದೆ. ನಾವು ಬಹುಮಾನ ಕೊಟ್ಟ ಕಥೆಯ ಹೆಸರೂ ನನಗೆ ಮರೆತುಹೋಗಿದೆ. ಇನ್ನೊಮ್ಮೆ ಬರೆದು ಕಳಿಸು. ಎಣ್ಣೆಯ ಲೆಕ್ಕ ಬಿಡಬೇಡ.